ಹಿಂದಿನ ಸೀಟು

ಲಾರಿ ತೂಕದ ಕಟ್ಟೆಯ ಆಫೀಸು
ಭಾನುವಾರ, ಸೆಪ್ಟೆಂಬರ್ ೧೪

ಪ್ರೀತಿಯ ಕಡ್ಡಿಗೆ,

ಅಪ್ಪನ ಆಶೀರ್ವಾದಗಳು. ನಿನ್ನ ಕಾಗದ ಬಂದು ಏಳು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು ಅಂತ ಬರೆಯಬೇಕು, ಬರೆದಿದ್ದೇನೆ ಅಂದುಕೋ. ಮೂವತ್ತಮೂರು ವರ್ಷದ, ಊರೂರಿನ ಕುಡಿಯುವ ನೀರು ಪರೀಕ್ಷೆ ಮಾಡುವ ಅಧಿಕಾರಿಯನ್ನು ಇನ್ನೂ ಕಡ್ಡಿ ಅಂತ ಕರೆಯುವುದು ತಪ್ಪೇ. ಆದರೆ ನಿನ್ನ ವಿಷಯದಲ್ಲಿ ನನಗೆ ಉಳಿದಿರುವುದು ಅದೊಂದೇ ಹೆಸರು, ಅದನ್ನೂ ಬಿಟ್ಟುಕೊಡಲು ನಾನು ತಯಾರಿಲ್ಲ.

ನಾನು ಚೆನ್ನಾಗಿದ್ದೇನೆ. ಮಂಡಿ ನೋವಿದೆ, ಬಿಪಿ ಇದೆ, ಲಾರಿ ಡ್ರೈವರುಗಳ ಜೊತೆ ಜಗಳವೂ ಇದೆ. ಮೊನ್ನೆ ಒಬ್ಬ ಲಾರಿಯನ್ನು ಕಟ್ಟೆ ಮೇಲೆ ಅರ್ಧ ಹತ್ತಿಸಿ, ತೂಕ ಕಮ್ಮಿ ಬರೆದುಕೊಡಿ ಅಂದ. ಬೈದು ಕಳಿಸಿದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ತಪ್ಪು ತೂಕದ ಒಂದು ಚೀಟಿಯೂ ನನ್ನ ಕೈಯಿಂದ ಹೋಗಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಅಕ್ಟೋಬರ್ ಆರಕ್ಕೆ ಕೆಲಸದ ಮೇಲೆ ಇಲ್ಲಿಗೆ ಬರುತ್ತೀಯ, ಮಗನೂ ಜೊತೆಗಿರುತ್ತಾನೆ, ಫೋಟೋದಲ್ಲಿ ನೋಡಿದಾಗಿನಿಂದ ಅವನಿಗೆ ತಾತನ ಕೆಂಪು ಕಾರಿನದೇ ಧ್ಯಾನ ಅಂತ ಬರೆದಿದ್ದೀಯ. ಅಷ್ಟು ಬರೆದು ನಿಲ್ಲಿಸಬಹುದಿತ್ತು. ಕೊನೆಗೆ, ಕಾರಿನಲ್ಲಿ ಮೂವರಿಗೂ ಜಾಗ ಇದೆಯಾ ಅಂತ ಒಂದು ಸಾಲು. ಓದಿ ನನಗೆ ಮೈ ಉರಿಯಿತು. ಇದು ಇವಳ ಪ್ರಶ್ನೆಯಲ್ಲ, ಇವಳಮ್ಮ ಹೇಳಿಕೊಟ್ಟು ಬರೆಸಿದ್ದು ಅಂತ ಕಾಗದವನ್ನು ಡ್ರಾಯರಿನೊಳಗೆ ತುರುಕಿದೆ. ಎರಡು ವಾರ ಹಾಗೇ ಬಿದ್ದಿತ್ತು.

ಆ ಕಾರು ನಮ್ಮ ಮನೆಗೆ ಬಂದಾಗ ನಿನಗೆ ಏಳು ವರ್ಷ. ಹಲ್ಲಿನ ಡಾಕ್ಟರೊಬ್ಬರು ಓಡಿಸಿ, ಬೇಸರವಾಗಿ ಮಾರಿದ ಗಾಡಿ. ಎರಡೇ ಬಾಗಿಲು, ಉದ್ದ ಮೂತಿ, ಎಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ನಿನ್ನಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೂರು ಜನರ ಮನೆಗೆ ಎರಡು ಬಾಗಿಲಿನ ಕಾರು ಯಾಕೆ ಅಂದಳು. ತಿರುವಿನಲ್ಲಿ ಆ ಕಾರು ಬೆನ್ನ ಹಿಂದಿನಿಂದ ಹೇಗೆ ತಳ್ಳುತ್ತದೆ ಅಂತ ಅವಳಿಗೆ ಹೇಳಿ ಪ್ರಯೋಜನವಿರಲಿಲ್ಲ. ನಿನಗೆ ಮಾತ್ರ ಗೊತ್ತಾಗಿತ್ತು. ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಕೂತು, ತಿರುವು ಬಂದಾಗಲೆಲ್ಲ ಇನ್ನೊಂದ್ಸಲ ಅಪ್ಪಾ ಅನ್ನುತ್ತಿದ್ದೆ.

ಆಮೇಲೆ ನನಗೆ, ಇನ್ನೂ ಜೋರಾಗಿ ಓಡಲಿ ಅಂತ ಕಾರನ್ನು ಹಗುರ ಮಾಡುವ ಹುಚ್ಚು ಹಿಡಿಯಿತು. ಸ್ಪ್ರಿಂಗು ಬದಲಾಯಿಸಿದೆ, ಬ್ರೇಕು ಬದಲಾಯಿಸಿದೆ, ಸೈಲೆನ್ಸರನ್ನು ಗ್ಯಾರೇಜಿನ ಮೇಸ್ತ್ರಿ ಕೈಯಲ್ಲಿ ಹೊಸದಾಗಿ ಮಾಡಿಸಿದೆ. ಬೇರೆಯವರಾಗಿದ್ದರೆ ಅಂದಾಜಿನಲ್ಲಿ ತೃಪ್ತಿಪಡುತ್ತಿದ್ದರು. ನನ್ನ ಹತ್ತಿರ ತೂಕದ ಕಟ್ಟೆಯೇ ಇತ್ತಲ್ಲ. ಭಾನುವಾರ ಲಾರಿಗಳಿಲ್ಲದಾಗ ಕಾರನ್ನು ಅದರ ಮೇಲೆ ನಿಲ್ಲಿಸಿ ಚೀಟಿ ತೆಗೆಯುತ್ತಿದ್ದೆ. ಕಟ್ಟೆ ಐದೈದು ಕೆಜಿಯ ಲೆಕ್ಕದಲ್ಲೇ ತೋರಿಸುವುದು. ಸ್ಟೆಪ್ನಿ ಬಿಚ್ಚಿದೆ, ನೆಲದ ಹಾಸು ಕಿತ್ತೆ, ರೇಡಿಯೋ ತೆಗೆದೆ. ಒಂದು ಸಲ ನೀನೂ ಕಟ್ಟೆ ಹತ್ತಿ ನಿಂತೆ, ಇಪ್ಪತ್ತೈದು ಅಂತ ಬಂತು. ಎಷ್ಟು ತಿಂದರೂ ಕಡ್ಡಿಯೇ ನೀನು ಅಂತ ನಕ್ಕೆ, ನೀನು ಆ ಚೀಟಿ ಬೇಕು ಅಂತ ಹಟ ಮಾಡಿ ತೆಗೆದುಕೊಂಡೆ.

ಕೊನೆಗೆ ಹಿಂದಿನ ಸೀಟು. ಅದನ್ನು ತೆಗೆದದ್ದರಲ್ಲಿ ತಪ್ಪೇನಿತ್ತು ಅಂತ ಇಪ್ಪತ್ತನಾಲ್ಕು ವರ್ಷದಿಂದ ವಾದ ಮಾಡಿಕೊಂಡು ಬಂದಿದ್ದೇನೆ. ಅದು ದೊಡ್ಡವರು ಕೂರುವ ಸೀಟಲ್ಲ, ನಾವು ಎಲ್ಲಿಗಾದರೂ ಹೋಗುತ್ತಿದ್ದದ್ದು ವಾರಕ್ಕೊಂದು ಸಲ, ಬಸ್ಸು ಮನೆ ಮುಂದೆಯೇ ನಿಲ್ಲುತ್ತಿತ್ತು. ಬೇಕಾದಾಗ ವಾಪಸು ಹಾಕಿದರಾಯಿತು, ನಾಲ್ಕು ಬೋಲ್ಟು, ಹತ್ತು ನಿಮಿಷದ ಕೆಲಸ ಅಂತ ನಿನ್ನಮ್ಮನಿಗೂ ಹೇಳಿದ್ದೆ.

ಈಜು ಸ್ಪರ್ಧೆಯ ದಿನ ಆ ಸೀಟು ಶೆಡ್ಡಿನಲ್ಲೇ ಇತ್ತು. ಆ ದಿನದ ವಿಷಯ ನಿನ್ನಮ್ಮ ಹೇಳುವ ಥರ ನೀನು ಸಾವಿರ ಸಲ ಕೇಳಿದ್ದೀಯ. ನಾನು ಹೇಳುವ ಥರವೂ ಒಮ್ಮೆ ಕೇಳು. ಬಸ್ಸಿನಲ್ಲಿ ಬನ್ನಿ, ನಾನು ಮುಂಚೆ ಹೋಗಿ ಹೆಸರು ಬರೆಸಿರುತ್ತೇನೆ ಅಂದೆ. ಇಪ್ಪತ್ತೆರಡು ನಿಮಿಷದಲ್ಲಿ ತಲುಪಿದೆ, ಹೆಸರು ಬರೆಸಿದೆ, ನಿನಗೆ ನಾಲ್ಕನೇ ಸಾಲು ಸಿಕ್ಕಿತು. ಹದಿನೇಳನೇ ನಂಬರಿನ ಬಸ್ಸು ಅವತ್ತು ಕೆಟ್ಟು ನಿಂತದ್ದು ನನ್ನ ತಪ್ಪಲ್ಲ. ಮೈಕಿನಲ್ಲಿ ನಿನ್ನ ಹೆಸರು ಮೂರು ಸಲ ಕರೆದರು. ಏಳು ಮಕ್ಕಳು ಹಾರಿದರು, ನಾಲ್ಕನೇ ಸಾಲಿನ ನೀರು ಮಾತ್ರ ಅಲುಗಾಡದೆ ಇತ್ತು. ನಾನು ಕಾರಿನ ಕೀ ಹಿಡಿದು ಅಲ್ಲೇ ನಿಂತಿದ್ದೆ. ನೀವು ಬಂದಾಗ ಬಹುಮಾನ ಕೊಡುತ್ತಿದ್ದರು. ನಿನ್ನಮ್ಮ ಜಗಳವಾಡಲಿಲ್ಲ. ಮುಂದಿನ ವಾರ ನಿನ್ನ ಕರೆದುಕೊಂಡು ನಿನ್ನ ಸೋದರಮಾವನ ಮನೆಗೆ ಹೋದಳು, ಅಷ್ಟೇ. ಒಂದು ಬಸ್ಸು ಕೆಟ್ಟದ್ದಕ್ಕೆ ಸಂಸಾರ ಬಿಡುವವರಿದ್ದಾರಾ ಅಂತ ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಇರಲಿ. ನಿನ್ನ ಕಾಗದವನ್ನು ಡ್ರಾಯರಿನಿಂದ ಮತ್ತೆ ತೆಗೆದ ದಿನ, ಸೀಟು ವಾಪಸು ಹಾಕಿಬಿಡೋಣ ಅನ್ನಿಸಿತು. ಮೊಮ್ಮಗ ಹಿಂದೆ ಕೂರಲಿ, ತಿರುವಿನಲ್ಲಿ ಅವನೂ ಇನ್ನೊಂದ್ಸಲ ಅನ್ನಲಿ. ನೀವು ಮನೆ ಬಿಟ್ಟುಹೋದ ವರ್ಷವೇ ಆ ಸೀಟನ್ನು ಗ್ಯಾರೇಜಿಗೆ ಸಾಗಿಸಿದ್ದೆ. ಆ ಮೇಸ್ತ್ರಿಗೆ ಈಗ ಎಪ್ಪತ್ತಾಗಿದೆ, ಕಿವಿ ಮಂದ. ಸೀಟೆಲ್ಲಿ ಅಂತ ನಾಲ್ಕು ಸಲ ಕೂಗಿ ಕೇಳಿದೆ. ಅವನು ನನ್ನನ್ನೇ ನೋಡುತ್ತಾ ಹೇಳಿದ:

“ಅದರ್ ಮೇಲೇ ಕೂತಿದೀರಲ್ಲ ಸ್ವಾಮಿ. ಇಷ್ಟು ವರ್ಷದಿಂದ ನೀವು ಕೂರೋದು ಅಲ್ಲೇ.”

ಗ್ಯಾರೇಜಿನ ಬಾಗಿಲಲ್ಲಿ, ಗಿರಾಕಿಗಳಿಗೆ ಅಂತ ಎರಡು ಟೈರಿನ ಮೇಲೆ ಹಾಕಿದ್ದ ಬೆಂಚು ಅದು. ಪ್ರತಿ ಭಾನುವಾರ ಅದರ ಮೇಲೆ ಕೂತು, ಟೀ ಕುಡಿದು, ನಿನ್ನಮ್ಮನ ಮೇಲೆ ದೂರು ಹೇಳಿಕೊಂಡಿದ್ದೇನೆ. ಎದ್ದು ಬಗ್ಗಿ ನೋಡಿದೆ. ಮೇಲಿನ ಬಟ್ಟೆಯನ್ನು ಎಷ್ಟೋ ಸಲ ಬದಲಾಯಿಸಿದ್ದಾನೆ. ಅಂಚಿನ ಕೆಳಗೆ ಕೈ ಹಾಕಿದಾಗ ಕಲ್ಲಾಗಿದ್ದ ಚೂಯಿಂಗ್ ಗಮ್ ಸಿಕ್ಕಿತು. ಅದಕ್ಕಾಗಿ ನಿನಗೆ ಒಂದು ಏಟು ಬಿದ್ದಿತ್ತು, ನೆನಪಿದೆಯಾ? ನನಗಂತೂ ಚೆನ್ನಾಗಿ ನೆನಪಿದೆ. ಬೋಲ್ಟು ಹಾಕಿ ಸೀಟನ್ನು ಕಾರಿಗೆ ಕೂಡಿಸುವ ನಾಲ್ಕು ಕಬ್ಬಿಣದ ಕಿವಿಗಳೂ ತುಕ್ಕು ಹಿಡಿದು ಉದುರಿಹೋಗಿವೆ. ಹೊಸದು ಸಿಗುವುದಿಲ್ಲ, ಆ ಕಾರು ಮಾಡುವುದನ್ನು ಕಂಪನಿ ಯಾವಾಗಲೋ ನಿಲ್ಲಿಸಿದೆ. ಬೆಸುಗೆ ಹಾಕಿಕೊಡು ಅಂದೆ. ತಾಳಲ್ಲ, ಮಗು ಕೂರೋ ಜಾಗ, ನಾನು ಮಾಡಲ್ಲ ಅಂದುಬಿಟ್ಟ. ಅದಾದ ಮೇಲೆ ಐದು ವಾರ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ತಡವಾದದ್ದು ಅದಕ್ಕೇ.

ಹಾಗಾಗಿ ಉತ್ತರ: ಜಾಗ ಇಲ್ಲ. ಮೂವರಿಗೆ ಇಲ್ಲ, ಇಬ್ಬರಿಗೆ ಇದೆ.

ರೈಲ್ವೆ ಸ್ಟೇಷನ್ನಿಗೆ ನಾನೇ ಕಾರು ತರುತ್ತೇನೆ. ಕೀ ನಿನ್ನ ಕೈಗೆ ಕೊಡುತ್ತೇನೆ. ನೀರು ಪರೀಕ್ಷೆಯ ವ್ಯಾನನ್ನು ದಿನವೂ ಗುಡ್ಡ ಹತ್ತಿಸುವವಳಿಗೆ ಇದೇನೂ ಕಷ್ಟವಲ್ಲ. ಕ್ಲಚ್ ಗಟ್ಟಿ ಇದೆ, ಎರಡನೇ ಗೇರಿಗೆ ಸ್ವಲ್ಪ ಪುಸಲಾಯಿಸಬೇಕು. ನೀನೂ ನಿನ್ನ ಮಗನೂ ಮುಂದೆ ಕೂತು ಬನ್ನಿ, ಕೆರೆ ಏರಿಯ ತಿರುವಿನ ಮೇಲೆ ಬಂದರೆ ಅವನಿಗೆ ಖುಷಿಯಾಗುತ್ತದೆ. ನಾನು ಹದಿನೇಳನೇ ನಂಬರಿನ ಬಸ್ಸಿನಲ್ಲಿ ಬರುತ್ತೇನೆ. ಅದನ್ನು ಇವತ್ತಿನವರೆಗೂ ಹತ್ತಿಲ್ಲ. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನನಗೂ ಗೊತ್ತಾಗಲಿ. ಮನೆ ಬೀಗದ ಕೀ ಅದೇ ಗೊಂಚಲಿನಲ್ಲಿದೆ, ನನಗಾಗಿ ಹೊರಗೆ ಕಾಯಬೇಡಿ.

ನಿನ್ನಮ್ಮನಿಗೆ ಕೇಳಿದೆ ಅಂತ ಹೇಳು. ಬೇಡ ಅನ್ನಿಸಿದರೆ ಹೇಳಬೇಡ. ಮಗುವಿಗೆ ಮುತ್ತು. ನಿನಗೆ ಆಯುಸ್ಸು ಆರೋಗ್ಯ ತುಂಬಿರಲಿ, ನನ್ನ ಮುಂಗೋಪ ಒಂದು ಬಿಟ್ಟು ನನ್ನಲ್ಲಿ ಒಳ್ಳೆಯದು ಏನಾದರೂ ಇದ್ದರೆ ಅದು ನಿನ್ನ ಮಗನಿಗೆ ಬರಲಿ.

ಇಂತಿ,
ನಿನ್ನ ಅಪ್ಪ

ಮರೆತಿದ್ದೆ: ಸೀಟಿದ್ದ ಜಾಗದಲ್ಲಿ, ನೀನು ಕೂರುತ್ತಿದ್ದ ಬದಿಗೆ, ಒಂದು ಮರಳಿನ ಮೂಟೆ ಕಟ್ಟಿದ್ದೇನೆ. ಕೊಳಕಾಗಿದೆ ಅಂತ ತೆಗೆದು ಎಸೆಯಬೇಡ. ನೀವು ಹೋದ ಮೇಲಿನ ಮೊದಲ ಮಳೆಯಲ್ಲೇ ಕಾರಿನ ಹಿಂಭಾಗ ಜಾರಿ, ಗಿರಕಿ ಹೊಡೆದು ಚರಂಡಿಗೆ ಇಳಿಯಿತು. ಹಿಂದೆ ಭಾರವೇ ಇಲ್ಲ, ಚಕ್ರ ನೆಲ ಹಿಡಿಯೋದು ಹೇಗೆ ಅಂತ ಮೇಸ್ತ್ರಿ ಬೈದ. ಹತ್ತು ಕೆಜಿ ಹಾಕಿ ನೋಡಿದೆ, ಸಾಲಲಿಲ್ಲ. ಹದಿನೈದು, ಇಪ್ಪತ್ತು, ಸಾಲಲಿಲ್ಲ. ಇಪ್ಪತ್ತೈದಕ್ಕೆ ಸರಿಯಾಗಿ ಕೂತಿತು. ನೀನು ಹಟ ಮಾಡಿ ತೆಗೆದುಕೊಂಡ ಚೀಟಿಯಲ್ಲಿದ್ದದ್ದೂ ಅದೇ ತೂಕ. ಈಜು ಸ್ಪರ್ಧೆಯ ಬೆಳಿಗ್ಗೆ ನೀನು ಟವೆಲ್ ಹಿಡಿದು ಕಾರಿನ ಬಾಗಿಲಲ್ಲಿ ನಿಂತು, ಅಪ್ಪಾ ನಾನೆಲ್ಲಿ ಕೂತ್ಕೊಳ್ಳಲಿ ಅಂತ ಕೇಳಿದ್ದೆ. ಬಸ್ಸಿನಲ್ಲಿ ಬನ್ನಿ ಅಂದೆ ಅಂತ ಮೇಲೆ ಬರೆದಿದ್ದೇನಲ್ಲ, ನಾನು ಮೊದಲು ಅಂದದ್ದು ಅದಲ್ಲ. “ಇಪ್ಪತ್ತೈದು ಕೆಜಿ ಇಳಿಸೋಕೆ ಆರು ತಿಂಗಳು ಒದ್ದಾಡಿದೀನಿ, ನಿನ್ನ ಹತ್ತಿಸ್ಕೊಂಡು ಅಷ್ಟನ್ನೂ ವಾಪಸ್ ಹೊರ್ಲಾ?” ಅಂದಿದ್ದೆ. ನಿನ್ನಮ್ಮನಿಗೆ ಇದು ಕೇಳಿಸಿರಲಿಲ್ಲ. ಇಷ್ಟು ವರ್ಷದಲ್ಲಿ ನೀನೂ ಅವಳಿಗೆ ಹೇಳಿಲ್ಲ ಅಂತ ನನಗೆ ಗೊತ್ತು. ಹೇಳಿದ್ದರೆ ಅವಳು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.