ಕುರ್ಚಿ ಬಿಡುವ ನಿಯಮ

ಸ್ಥಾವರದ ಕ್ವಾರ್ಟರ್ಸ್, ಮನೆ ನಂಬರ್ ೧೪
ತಾರೀಕು ೯, ಗುರುವಾರ ಬೆಳಿಗ್ಗೆ

ಪ್ರೀತಿಯ ಚಿನ್ನೂ,

ಹೇಗಿದ್ದೀಯ? ಕತ್ತು ನೋವು ಕಡಿಮೆಯಾಯಿತೇ? ಮೊನ್ನೆ ಟೀವಿಯಲ್ಲಿ ನಿಮ್ಮ ಸಮಿತಿ ಏನು ಹೇಳಿತೆಂದು ನಿನ್ನಮ್ಮ ಕೇಳಿಸಿಕೊಳ್ಳಲೇ ಇಲ್ಲ. "ಎಷ್ಟು ಸೊರಗಿದಾಳೆ ನೋಡ್ರೀ" ಎಂದು ಒಂದೇ ಸಮನೆ ಗೊಣಗಿದಳು. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ಎರಡು ತಿಂಗಳಿಂದ ನೀನು ಫೋನ್ ಮಾಡಿಲ್ಲ. ಯಾಕೆಂದು ನನಗೆ ಗೊತ್ತು. ನಮ್ಮ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವನ್ನು ಮುಚ್ಚುವ ಪಟ್ಟಿಗೆ ಸೇರಿಸಿದ್ದೀಯ, ಅಪ್ಪನಿಗೆ ಹೇಗೆ ಮುಖ ತೋರಿಸಲಿ ಅಂತ ತಾನೆ? ಹುಚ್ಚಿ.

ಎರಡು ಅಂಗಿಗಳಲ್ಲಿ ಯಾವುದು ಹಾಕಿಕೊಳ್ಳಲಿ ಎಂದು ಶಾಲೆಯ ಗಂಟೆ ಹೊಡೆಯುವವರೆಗೂ ಅಳುತ್ತಿದ್ದವಳು ನೀನು. ಈಗ ದೇಶಕ್ಕೆಲ್ಲ ಕಲ್ಲಿದ್ದಲಿನ ಕರೆಂಟ್ ಎಷ್ಟು, ನೀರಿನದೆಷ್ಟು, ಗಾಳಿ ಬಿಸಿಲಿನದೆಷ್ಟು, ಅಣು ವಿದ್ಯುತ್ತು ಬೇಕೋ ಬೇಡವೋ ಎಂದು ಆರಿಸುವ ಹನ್ನೊಂದು ಜನರಲ್ಲಿ ಒಬ್ಬಳು! ಮೊನ್ನೆ ಟೀವಿಯಲ್ಲಿ ಬಂದ ಆ ಸಭೆಯನ್ನು ನಾನು ಪೂರ್ತಿ ನೋಡಿದೆ. ಗಣಿಯ ಕಡೆಯವರು ಗಣಿಯ ತಂಟೆಗೆ ಬರಬೇಡಿ ಎಂದರು. ಅಣೆಕಟ್ಟಿನವರಿಗೆ ಇನ್ನೊಂದು ಅಣೆಕಟ್ಟು ಬೇಕು, ಅವರ ಹೊಲ ಮಾತ್ರ ಮುಳುಗಬಾರದು. ಗಾಳಿಯಂತ್ರ ಎಲ್ಲರಿಗೂ ಇಷ್ಟ, ಪಕ್ಕದೂರಿನ ಗುಡ್ಡದ ಮೇಲಿದ್ದರೆ. ದರ ಏರಿದರೆ ಚುನಾವಣೆಯಲ್ಲಿ ಉತ್ತರ ಹೇಳುವವರು ಯಾರು ಎಂದು ಮಂತ್ರಿಗಳು ತಲೆ ಮೇಲೆ ಕೈ ಹೊತ್ತು ಕೂತರು. ಹನ್ನೊಂದು ಜನರಲ್ಲಿ ತನ್ನ ಊರಿನ ಹೆಸರನ್ನು ತಾನೇ ಬರೆದುಕೊಟ್ಟವಳು ನೀನೊಬ್ಬಳೇ. ನನ್ನ ಎದೆ ಉಬ್ಬಿಹೋಯಿತು ಕಣೇ. ಬೂದಿ ಬೀಳುತ್ತದೆಂದು ಮೂವತ್ತು ವರ್ಷ ಬಟ್ಟೆಯನ್ನು ಒಳಗೇ ಒಣಹಾಕಿದ ನಿನ್ನಮ್ಮ, ಅವತ್ತು ಹಿತ್ತಿಲಿಗೆ ಹೋಗಿ ಹಳೆಯ ತಂತಿಯನ್ನು ಒರೆಸಿ ಬಂದಳು.

ಸಂಕಟವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಬಾಯ್ಲರಿನ ಸದ್ದಿಲ್ಲದಿದ್ದರೆ ನನಗೆ ನಿದ್ದೆಯೇ ಹತ್ತುವುದಿಲ್ಲ. ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಈಗ ಯಾರೂ ಬಂದು ಕೂರುವುದಿಲ್ಲ. ನಿನ್ನೆ ಕಾರ್ಮಿಕ ಸಂಘದ ಕಾರ್ಯದರ್ಶಿ ಮನೆಗೇ ಬಂದು, "ಸೋಮವಾರ ಮತಕ್ಕೆ ಹಾಕ್ತಾರಂತೆ. ನಮ್ಮ ಹೆಸರು ತೆಗೆಸು ಅಂತ ಒಂದು ಕಾಗದ ಬರೀರಿ, ಅಪ್ಪನ ಮಾತು ಮೀರ್ತಾಳಾ?" ಎಂದ. ಅವನದೂ ತಪ್ಪಲ್ಲ, ಅವನ ಬೆನ್ನಿಗೆ ನಾನೂರು ಮನೆಗಳಿವೆ. ಬರೀತೀನಿ ಎಂದು ಮಾತು ಕೊಟ್ಟೆ. ಇದೇ ಆ ಕಾಗದ.

ಹೆಸರು ತೆಗೆಯಬೇಡ. ಆದರೆ ಒಂದು ಮಾತು ಸೇರಿಸು. ನನಗೆ ಊಟದ ಡಬ್ಬಿ ತರುತ್ತಿದ್ದಾಗ ನಮ್ಮ ಕಂಟ್ರೋಲ್ ರೂಮಿನ ನಿಯಮ ನೋಡಿದ್ದೀಯ. ಶಿಫ್ಟ್ ಮುಗಿದರೂ ಕುರ್ಚಿ ಬಿಡುವಂತಿಲ್ಲ. ಮುಂದಿನವನು ಬಂದು, ಗೇಜುಗಳನ್ನೆಲ್ಲ ನೋಡಿ, ಲಾಗ್ ಬುಕ್ಕಿಗೆ ಸಹಿ ಹಾಕಿ, "ನಾನಿದ್ದೀನಿ, ನೀವು ಹೊರಡಿ" ಎಂದ ಮೇಲೇ ಏಳಬೇಕು. ಒಮ್ಮೆ ನಿನ್ನ ಹುಟ್ಟುಹಬ್ಬದ ದಿನ ಮುಂದಿನ ಶಿಫ್ಟಿನವನು ಬರುವುದು ತಡವಾಗಿ, ನಾನು ಮನೆ ಸೇರುವಷ್ಟರಲ್ಲಿ ನಿನ್ನ ಗೆಳತಿಯರೆಲ್ಲ ಹೊರಟುಹೋಗಿದ್ದರು. ನೀನು ಒಂದು ವಾರ ನನ್ನ ಜೊತೆ ಟೂ ಬಿಟ್ಟಿದ್ದೆ. ಆ ನಿಯಮವನ್ನೇ ಬರೆ. ಹೊಸ ಕರೆಂಟು ಬಂದು ಕೂತ ಮೇಲೇ ಹಳೆಯದು ಏಳಲಿ. ಬೇರೆ ಕೆಲಸದ ಆದೇಶ ಕೈಗೆ ಬಂದ ಮೇಲೇ ಈ ನಾನೂರು ಜನ ಏಳಲಿ. ಮುಚ್ಚುವ ತಾರೀಕಿನ ಪಕ್ಕದಲ್ಲೇ ಬರೆ, ಕೊನೆಯ ಪುಟದಲ್ಲಲ್ಲ. ಕೊನೆಯ ಪುಟ ಓದುವ ಮಂತ್ರಿಯನ್ನು ನಾನಂತೂ ಕಂಡಿಲ್ಲ.

ಕಾರ್ಯದರ್ಶಿಗೆ ಓದಿ ಹೇಳಿಯೇ ಇದನ್ನು ಅಂಚೆಗೆ ಹಾಕುತ್ತೇನೆ, ಬೈದರೆ ಬೈಯಲಿ. ಸೋಮವಾರ ಕೈ ಎತ್ತುವಾಗ ತಲೆಯೂ ಎತ್ತಿರಲಿ. ಊಟದ ವಿಷಯ ಎರಡು ಸಲ ಬರೆಯಬೇಕೆಂದು ಅಮ್ಮನ ಅಪ್ಪಣೆ: ಹೊತ್ತಿಗೆ ಸರಿಯಾಗಿ ಊಟ ಮಾಡು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ನಿನ್ನ ಅಪ್ಪ,
ಎರಡನೇ ಬಾಯ್ಲರ್ ಆಪರೇಟರ್

ಮರೆತಿದ್ದೆ: ಪಟ್ಟಿಯಲ್ಲಿ ನಮ್ಮ ತಾರೀಕು ನೋಡಿದೆ. ಇನ್ನು ಮೂರು ವರ್ಷಕ್ಕೆ, ನಾನು ನಿವೃತ್ತನಾಗುವ ತಿಂಗಳೇ. ಕೊನೆಯ ಶಿಫ್ಟ್ ನನಗೇ ಇರಲಿ ಎಂದು ಈಗಲೇ ಕೇಳಿಟ್ಟಿದ್ದೇನೆ. ಬಾಯ್ಲರ್ ಆರಿದ ಮೇಲೆ ಮುಂದಿನ ಶಿಫ್ಟಿಗೆ ಯಾರೂ ಬರುವುದಿಲ್ಲ. ಆದರೆ ನಿಯಮ ನಿಯಮವೇ. ಯಾರಾದರೂ ಬಂದು ಆ ಮಾತು ಹೇಳದೆ ನಾನು ಕುರ್ಚಿ ಬಿಡುವವನಲ್ಲ. ನೀನು ಬಂದು ಹೇಳುತ್ತೀಯಾ, ಮಗಳೇ?