ತುದಿ ಮಡಚಿದ ಟೇಪು

ಬಾಡಿಗೆ ಮನೆಯ ಮಹಡಿ, ತಂಪಿನ ಊರು
ಮೇ ಇಪ್ಪತ್ತೊಂದು, ಬೆಳಗಿನ ಹೊತ್ತು

ಬೆವರಲ್ಲಿ ಬೇಯುತ್ತಿರುವ ನನ್ನ ಯಜಮಾನರಿಗೆ,

ಹೇಗಿದ್ದೀರಿ? ನೀರು ಕುಡಿಯುತ್ತಿದ್ದೀರಾ? ಸುಳ್ಳು ಹೇಳಬೇಡಿ, ಇಷ್ಟು ದೂರದಿಂದಲೂ ನನಗೆ ಗೊತ್ತಾಗುತ್ತದೆ. ನಾವು ಹೊರಡುವ ಹಿಂದಿನ ದಿನ ಯಾರದೋ ತಗಡಿನ ಮಾಡಿನ ಮೇಲೆ ಏಸಿ ರಿಪೇರಿ ಮಾಡುತ್ತ ತಲೆಸುತ್ತಿ ಕೂತವರು ನೀವು. ಮನೆಗೆ ಬಂದು ಅದನ್ನೊಂದು ತಮಾಷೆಯಂತೆ ಹೇಳಿದಿರಿ, ನಾನು ನಗಲಿಲ್ಲ. ಊರಿನ ಫ್ರಿಜ್ಜುಗಳೆಲ್ಲ ಕೆಡುವುದು ಬೇಸಿಗೆಯಲ್ಲೇ, ಹಾಗಾಗಿ ಬೇಸಿಗೆಯೇ ನಿಮಗೆ ಸುಗ್ಗಿ, ಒಪ್ಪಿದೆ. ಆದರೆ ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುವ ಹಾಗೆ ಮಂದಿಗೆಲ್ಲ ತಂಪು ಹಂಚಿ, ನೀವು ಮಾತ್ರ ಅಂಗಡಿಯ ಹಿಂದಿನ ಆ ಕಿಟಕಿಯಿಲ್ಲದ ಕೋಣೆಯಲ್ಲಿ, ಗೊರಗೊರ ಎನ್ನುವ ಫ್ಯಾನಿನ ಕೆಳಗೆ ಒಬ್ಬರೇ ಮಲಗುತ್ತೀರಲ್ಲ, ಅದನ್ನು ನೆನೆದರೆ ನನಗೆ ಇಲ್ಲಿ ಕಂಬಳಿ ಹೊದೆಯಲು ಮನಸ್ಸಾಗುವುದಿಲ್ಲ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಉತ್ತರಕ್ಕೆ ಬಂದು ಬೆಟ್ಟ ಹತ್ತಿದಂತೆಲ್ಲ ರೈಲಿನ ಕಿಟಕಿಯ ಸರಳು ತಣ್ಣಗಾಗುತ್ತ ಬಂತು. ಈ ಊರಲ್ಲಿ ಮೇ ತಿಂಗಳಲ್ಲೂ ಜನ ಕೋಟು ಹಾಕಿಕೊಂಡು ಓಡಾಡುತ್ತಾರೆ. ಊಟದ ಹೊತ್ತಾದರೂ ಬೆಳಕು ಹೋಗುವುದಿಲ್ಲ, ಎದುರು ಮನೆಯ ಗೋಡೆಯ ಮೇಲೆ ಮಂಕಾಗಿ ನಿಂತೇ ಇರುತ್ತದೆ. ಅಲ್ಲಿ ಸೆಖೆಗೆ ಎಚ್ಚರ ತಪ್ಪಿ ಬಿದ್ದ ಅತ್ತೆ ಇಲ್ಲಿ ಊರುಗೋಲನ್ನು ಮೂಲೆಗಿಟ್ಟು, ಮೆಟ್ಟಿಲಿಳಿದು ಹೋಗಿ ಮನೆಯೊಡತಿಯ ಜೊತೆ ಹರಟುತ್ತಾರೆ. ಮನೆಯೊಡತಿ ನಮ್ಮ ಕಡೆಯವಳೇ, ಇಲ್ಲಿಯ ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು, ಕೆಳಗಿನ ಭಾಗದಲ್ಲಿ ಒಬ್ಬಳೇ ಇದ್ದಾಳೆ. ನಮ್ಮ ಪಿಟೀಲಿನ ಮೈಮೇಲಿನ ಬೆವರುಸಾಲೆಯೆಲ್ಲ ಮಾಯ. ರಾಗ ಎಳೆದು ಅಳುವುದನ್ನೇ ಮರೆತಿದ್ದಾಳೆ, ಆ ಅಡ್ಡಹೆಸರಿಟ್ಟ ಅಪ್ಪ ಮಗಳಿಗೆ ಇನ್ನೊಂದು ಹೆಸರು ಹುಡುಕಬೇಕಾಗುತ್ತದೆ.

ಇನ್ನೊಂದು ವಿಷಯ ಇದೆ. ನೀವು ನಗುತ್ತೀರಿ, ನಕ್ಕರೆ ನನಗೆ ಸಂತೋಷವೇ. ನಾವು ಬಂದಾಗ ಬಚ್ಚಲಿನ ಹೀಟರು ಕೆಟ್ಟಿತ್ತು. ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬಿಸಿನೀರು ಬಂತು. ಬಗ್ಗಿ ನೋಡಿದೆ. ಹೀಟರಿನ ವೈರಿಗೆ ಹೊಸ ಕಪ್ಪು ಟೇಪು ಸುತ್ತಿದ್ದರು, ಅದರ ತುದಿಯನ್ನು ಒಂದಿಷ್ಟು ಒಳಕ್ಕೆ ಮಡಚಿದ್ದರು. "ನಾಳೆ ಬಿಚ್ಚೋನ ಉಗುರಿಗೆ ಸಿಗ್ಬೇಕಲ್ವೇನೇ" ಎಂದು ನೀವು ಹೇಳುವುದು ಕಿವಿಯಲ್ಲಿ ಕೇಳಿಸಿತು. ಹಾಗೆ ಮಡಚುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನೆಯೊಡತಿಯನ್ನು ಕೇಳಿದರೆ, "ಅಯ್ಯೋ, ನಿಮ್ಮೆಜಮಾನ್ರೇ ಅಲ್ವಾ ಸರಿ ಮಾಡಿದ್ದು? ಕಾಸು ಕೊಡೋಕೆ ಹೋದ್ರೆ ಬೇಡವೇ ಬೇಡ ಅಂದ್ರು" ಎಂದಳು. ಮೊದಲು ಖುಷಿಯಾಯಿತು, ಆಮೇಲೆ ಸಿಟ್ಟು ಬಂತು. ಹೇಳದೆ ಕೇಳದೆ ಬಂದು ಆಟ ಆಡಿಸುತ್ತಿದ್ದೀರಿ ಅಂದುಕೊಂಡೆ. ಮಂಚದ ಕೆಳಗೆ, ಪರದೆಯ ಹಿಂದೆ, ಬೀರುವಿನ ಸಂದಿಯಲ್ಲೆಲ್ಲ ಹುಚ್ಚಿಯ ಹಾಗೆ ಹುಡುಕಿದೆ. ಸಿಕ್ಕಿದ್ದು ಪಿಟೀಲಿನ ಒಂಟಿ ಕಾಲುಚೀಲ.

ಅತ್ತೆಯನ್ನು ವಿಚಾರಿಸಿದೆ. "ಬಂದಿದಾನಲ್ಲ! ನೀನು ಮಾರ್ಕೆಟ್ಟಿಗೆ ಹೋದ್ಮೇಲೆ ಬಂದು ಕಾಲು ಒತ್ತುತ್ತಾನೆ. ಕೈ ಎಷ್ಟು ತಣ್ಣಗಿದೆ ಅಂತೀಯಾ, ಜೀವಕ್ಕೆ ಹಾಯಾಗುತ್ತೆ" ಎಂದು ಕಣ್ಣು ಮುಚ್ಚಿಕೊಂಡರು. ತಾಯಿಯ ಪಕ್ಕದಲ್ಲಿ ಒಂದು ಗಳಿಗೆ ಕೂರಲು ಪುರುಸೊತ್ತಿಲ್ಲದ ಮಗ ನೀವು. ವಯಸ್ಸಾಯಿತು, ಏನೋ ಕನವರಿಕೆ ಎಂದುಕೊಂಡೆ. ಆದರೆ ಪಿಟೀಲಿಗೇನು ವಯಸ್ಸಾಗಿದೆ? ಅವಳೂ ಪಾರ್ಕಿನಿಂದ ಬಂದು, ಅಪ್ಪ ಉಯ್ಯಾಲೆ ತೂಗಿದ ಎಂದಳು. "ಅಪ್ಪ ಈಗ ಬೆವರೋದೇ ಇಲ್ಲಮ್ಮ. ಎಷ್ಟು ತೂಗಿದ್ರೂ ಸುಸ್ತಾಗಲ್ಲ." ಸುಳ್ಳು ಹೇಳ್ತೀಯಾ ಎಂದು ಒಂದು ಏಟು ಕೊಟ್ಟೆ. ಆಮೇಲೆ ತಬ್ಬಿಕೊಂಡು ಅತ್ತುಬಿಟ್ಟೆ. ಅವಳು ಅಳಲಿಲ್ಲ, ನನ್ನ ಬೆನ್ನಿನ ಹಿಂದೆ ಬಾಗಿಲ ಕಡೆ ನೋಡಿ ನಗುತ್ತಿದ್ದಳು.

ಕೆಳಗೆ ಹೋಗಿ ಮನೆಯೊಡತಿಯ ಫೋನಿನಿಂದ ಅಂಗಡಿಗೆ ಮಾಡಿದೆ. ಗಂಟೆ ಹೊಡೆದುಕೊಂಡೇ ಇತ್ತು. ಎದುರಿನ ಇಸ್ತ್ರಿಯವನಿಗೆ ಮಾಡಿದೆ. ಅವನು ರಸ್ತೆ ದಾಟಿ ನೋಡಿ ಬಂದು, "ಶಟರ್ ಒಳಗಿಂದ ಹಾಕಿದೆ ಅಕ್ಕ. ಫ್ಯಾನ್ ತಿರುಗೋ ಸದ್ದು ಕೇಳ್ತಿದೆ. ಸೆಖೆಗೆ ಮಲಗಿರ್ಬೇಕು, ಎಬ್ಬಿಸ್ಲಾ?" ಎಂದ. ಬೇಡಪ್ಪ, ಮಲಗಲಿ ಎಂದುಬಿಟ್ಟೆ. ಯಾಕೆ ಹಾಗೆಂದೆನೋ! ಮದುವೆಯಾದಾಗಿನಿಂದ ನೀವು ಹಗಲು ಮಲಗಿದ್ದನ್ನು ನಾನು ಕಂಡಿಲ್ಲ. ಮತ್ತೊಮ್ಮೆ ಫೋನ್ ಮಾಡಬೇಕೆಂದು ಎರಡು ಸಲ ಮೆಟ್ಟಿಲಿಳಿದೆ, ಎರಡು ಸಲವೂ ಹಾಗೇ ಹತ್ತಿ ಬಂದೆ. ಅವನು ಏನು ಹೇಳಿಬಿಡುತ್ತಾನೋ ಎಂದು ಹೆದರಿಕೆ. ಅದಕ್ಕೇ ಈ ಕಾಗದ. ಕಾಗದಕ್ಕೆ ಉತ್ತರ ಬರದಿದ್ದರೆ ಅಂಚೆಯವನನ್ನು ಬೈದುಕೊಂಡು ಇರಬಹುದು.

ನಿಮ್ಮ ಕೋಳಿಕಾಲು ಅಕ್ಷರದಲ್ಲಿ ಎರಡೇ ಸಾಲು ಬರೆಯಿರಿ, ಸಾಕು. ನನಗೆ ನೀವು ಬೇಕು, ಬೈಯುವುದಕ್ಕಾದರೂ ಬೇಕು. ಮಗನಿಗೆ ಆಶೀರ್ವಾದ ಬರೆಯಲೇ ಎಂದು ಅತ್ತೆಯನ್ನು ಕೇಳಿದರೆ, "ಎದುರಿಗೇ ಇರೋವ್ನಿಗೆ ಕಾಗದದಲ್ಲಿ ಯಾಕೆ?" ಎಂದರು. ಪಿಟೀಲಿನ ಮುತ್ತನ್ನು ಅವಳನ್ನು ಕೇಳದೆ ನಾನೇ ಕಳಿಸುತ್ತಿದ್ದೇನೆ.

ಇಂತಿ,
ನಿಮ್ಮ ಜಗಳಗಂಟಿ

ಅಂಚೆಗೆ ಹಾಕುವ ಮುಂಚೆ, ಅವಸರದಲ್ಲಿ: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅವರು ಒಳಗೆ ಬಂದರು. ನನ್ನ ಕಣ್ಣಿಗೆ ಬಿದ್ದಿದ್ದು ಇದೇ ಮೊದಲು. ನೀವೇ. ಎಡಗೈ ಮೇಲಿನ ಸುಟ್ಟ ಕಲೆಯ ಸಮೇತ ನೀವೇ, ಮುಖದಲ್ಲಿ ಆಯಾಸ ಮಾತ್ರ ಇಲ್ಲ. "ಯಾರಿಗೆ ಬರೀತಿದ್ದೀಯಾ?" ಎಂದರು. ನಿಮಗೇ ಎಂದೆ. "ಅಲ್ಲಿ ಯಾರೂ ಇಲ್ವಲ್ಲೇ" ಎಂದು ಮೆತ್ತಗೆ ಹೇಳಿ ಎದುರಿಗೆ ಕೂತರು. ಪಿಟೀಲು ಓಡಿಬಂದು ತೊಡೆಯೇರಿದಳು, ನಾನು ತಡೆಯಲಿಲ್ಲ. ಇದನ್ನು ಓದುತ್ತಿರುವುದು ನೀವೇ ಆದರೆ, ಅಂಗಡಿಗೆ ಬೀಗ ಹಾಕಿ ಈಗಲೇ ಹೊರಟು ಬನ್ನಿ. ಬೇರೆ ಯಾರಾದರೂ ಆದರೆ, ದಯವಿಟ್ಟು ನಮಗೆ ಏನೂ ತಿಳಿಸಬೇಡಿ. ಇಲ್ಲಿ ನಾವು ನಾಲ್ವರೂ ಕ್ಷೇಮ.