ಗೆರೆ ಇಲ್ಲದ ಹಾಳೆ

ವಂದನಕ್ಕಾ,

ನಿನಗೆ ಇನ್ನೆಂದೂ ಬರೆಯುವುದಿಲ್ಲ ಅಂದುಕೊಂಡಿದ್ದೆ. ಬರೆಯುವಂತಾಯಿತು.

ಹೊಸನಗರದ ಆ ವರ್ಕ್‌ಶಾಪಿಗೆ ಸೇರಿದ ಹೊಸದರಲ್ಲಿ ಸರ್ಕ್ಯೂಟ್ ನಕ್ಷೆ ಕಂಡರೆ ನನಗೆ ತಲೆ ಸುತ್ತುತ್ತಿತ್ತು. ನೀನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ. "ಕರೆಂಟ್ ಇದ್ರೆ ಒಂದು, ಇಲ್ದಿದ್ರೆ ಸೊನ್ನೆ. ನಕ್ಷೇಲಿ ವೈರಿನ ಹೆಸರಿನ ಮೇಲೆ ಗೆರೆ ಇದ್ರೆ ಸೊನ್ನೆ ಬಂದಾಗ ಕೆಲ್ಸ ಮಾಡುತ್ತೆ, ಗೆರೆ ಇಲ್ದಿದ್ರೆ ಒಂದು ಬಂದಾಗ. ಅಷ್ಟೇ ಕಣೆ." ಒಂದೊಂದು ವೈರ್ ಜೋಡಿಸಿದ ಮೇಲೂ ನಕ್ಷೆಯಲ್ಲಿ ಪೆನ್ಸಿಲ್ ಟಿಕ್ ಹಾಕಿಸಿದವಳೂ ನೀನೇ. ನನಗೆ ಒಡಹುಟ್ಟಿದ ಅಕ್ಕ ಇಲ್ಲ. ಆ ಕೊರತೆ ನೀಗಿತು ಅಂದುಕೊಂಡಿದ್ದೆ.

ಅರಳಸುರಳಿಯಲ್ಲಿ ಅಡಿಕೆ ಸುಲಿಯುವ ಯಂತ್ರ ಕೂರಿಸಿದ ದಿನ, ನೀನು ಬರೆದ ನಕ್ಷೆ ನೋಡಿಕೊಂಡು ನಾನು ಮುಚ್ಚಳದ ಸ್ವಿಚ್ ಜೋಡಿಸಿದೆ. 'ಸ್ಟಾಪ್' ಎಂಬ ಹೆಸರಿನ ಮೇಲೆ ಗೆರೆ ಇರಲಿಲ್ಲ. ಹಾಗಾಗಿ ಮುಚ್ಚಳ ಹಾಕಿದ್ದಾಗ ಬೋರ್ಡಿಗೆ ಸೊನ್ನೆ, ತೆರೆದಾಗ ಒಂದು ಹೋಗುವಂತೆ ಮಾಡಿದೆ. ಆದರೆ ಒಳಗಿನ ಬೋರ್ಡು ಯಂತ್ರ ನಿಲ್ಲಿಸುವುದು ಸೊನ್ನೆ ಬಂದಾಗ. ಮುಚ್ಚಳ ಹಾಕಿ ಸ್ಟಾರ್ಟ್ ಗುಂಡಿ ಒತ್ತಿದರೆ ಯಂತ್ರ ಅಲುಗಲಿಲ್ಲ. ಯಾಕೆಂದು ನಾವು ಯೋಚಿಸುವಷ್ಟರಲ್ಲಿ ಶೆಡ್ಡಿನ ಕೆಲಸದ ಕೆರಿಯಮ್ಮ ಮುಚ್ಚಳ ಎತ್ತಿ ಕೈ ಹಾಕಿಬಿಟ್ಟರು. ಯಂತ್ರ ತಿರುಗಿತು.

ನನ್ನ ಕೈಯಲ್ಲಿದ್ದ ಹಾಳೆ ನೀನು ತೆಗೆದುಕೊಂಡೆ. "ಇಲ್ಲಿದ್ದು ನಾ ನೋಡ್ಕೋತೀನಿ, ನೀ ಅವ್ರ ಜೊತೆ ತೀರ್ಥಹಳ್ಳಿಗೆ ಹೋಗು." ಆಸ್ಪತ್ರೆಯ ಬೆಂಚಿನ ಮೇಲೆ ರಕ್ತವಾದ ದುಪಟ್ಟಾ ಹಿಡಿದು ಕೂತಿದ್ದಾಗ, ಅಲ್ಲಿ ನೀನಿದ್ದೀಯಲ್ಲ ಎಂಬುದೊಂದೇ ಧೈರ್ಯ.

ಮರುದಿನ ವರ್ಕ್‌ಶಾಪ್ ಮಾಲೀಕರ ಮುಂದೆ ನೀನು ನಕ್ಷೆ ತೋರಿಸಿದೆ. 'ಸ್ಟಾಪ್' ಮೇಲೆ ಗೆರೆ ಇತ್ತು. "ನಾನು ಸರಿಯಾಗೇ ಬರ್ದಿದ್ದೆ ಸಾರ್. ಸುಚಿತ್ರಾ ನೋಡ್ಲಿಲ್ಲ." ಒಂದು ಗಳಿಗೆ ನಾನೂ ನಂಬಿದೆ. ಆಮೇಲೆ ಕಂಡಿತು, ಆ ಹಾಳೆಯಲ್ಲಿ ನನ್ನದೊಂದೂ ಟಿಕ್ ಇರಲಿಲ್ಲ. ಅಲ್ಲೇ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೀನು ನನ್ನ ಕಡೆ ತಿರುಗಲೂ ಇಲ್ಲ.

ಕೆಲಸ ಹೋಯಿತು. ಈಗ ಸಾಗರದಲ್ಲಿ ಪಂಪ್ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದೇನೆ. ಗೆರೆ ಬಿಟ್ಟುಹೋದದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ, ಅದು ಯಾರಿಗೂ ಆಗಬಹುದು. ಕೆರಿಯಮ್ಮನ ಕೈಗೆ ಹೊಲಿಗೆ ಹಾಕುತ್ತಿದ್ದ ಹೊತ್ತಿನಲ್ಲಿ ನೀನು ಹೊಸ ಹಾಳೆ ಪ್ರಿಂಟ್ ತೆಗೆಯುತ್ತಿದ್ದೆಯಲ್ಲ, ಸಿಟ್ಟು ಅದಕ್ಕೆ.

ಮೊನ್ನೆ ಅವರನ್ನು ನೋಡಲು ಹೋಗಿದ್ದೆ. ಎರಡು ಬೆರಳಿಲ್ಲದ ಕೈಯಲ್ಲೇ ಚಾ ತಂದುಕೊಟ್ಟರು. ತಪ್ಪು ನಕ್ಷೆಯದು ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಒಪ್ಪಲಿಲ್ಲ. "ಇಲ್ರಾ, ಮುಚ್ಚಳ ತೆಗ್ದಿದ್ದು ನಂದೇ ತಪ್ಪು. ನಿಮ್ಮ ವಂದನಾ ಮೇಡಂ ಬಂದು ಹಂಗೇ ಹೇಳಿ ಹೋದ್ರಲ್ಲ."

ಮಾಲೀಕರಿಗೆ ನೀನು ನನ್ನ ತಪ್ಪು ಅಂದೆ. ಕೆರಿಯಮ್ಮನಿಗೆ ಅವರದೇ ತಪ್ಪು ಅಂದೆ.

ನನ್ನ ಹತ್ತಿರ ಬರುವುದು ಬೇಡ. ಕೆರಿಯಮ್ಮನ ಹತ್ತಿರ ಹೋಗು. ಅವರು ನಿನ್ನ ಮಾತು ನಂಬುತ್ತಾರೆ, ನಾನೂ ನಂಬುತ್ತಿದ್ದ ಹಾಗೆ. ಅಷ್ಟು ದೂರ ನಡೆಯುವ ಧೈರ್ಯವನ್ನು ದೇವರು ನಿನಗೆ ಕೊಡಲಿ.

ಒಂದು ಕಾಲಕ್ಕೆ ನಿನ್ನ ತಂಗಿಯಾಗಿದ್ದ,
ಸುಚಿತ್ರಾ